ಚಟ್ಟಿ ಮೀರಿದ ಆರ್ಕಿಡ್: ಬಿಸುವಿನೊಳಗೆ ಬದಲಿಸಿ, ಪತ್ತನಾಜೆಗೆ ಬೇರು ಹಿಡಿಸಿ

"ಗಿಡ ಚಟ್ಟಿಯಿಂದ ಹೊರಗೆ ಬಂದು ನೇತಾಡ್ತಾ ಉಂಟು, ಬೇರೆಲ್ಲ ಗಾಳಿಯಲ್ಲಿ. ದೊಡ್ಡ ಚಟ್ಟಿಗೆ ಹಾಕಬಹುದಾ?" ಮೊದಲ ಮಳೆ ಬಿದ್ದ ವಾರ ಈ ಪ್ರಶ್ನೆ ಬಾರದ ವರ್ಷ ಇಲ್ಲ. ಕೇಳುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಇರುವುದು ನಾಲ್ಕೈದು ವರ್ಷದ ಹಳೆಯ ಡೆಂಡ್ರೋಬಿಯಂ ಆರ್ಕಿಡ್, ಇಲ್ಲವಾದರೆ ಸಿಟ್ಔಟಿನ ಕಂಬಕ್ಕಿಂತ ಎತ್ತರ ಹೋದ ವಾಂಡಾ. ನನ್ನ ಉತ್ತರ ಪ್ರತಿ ಸಲವೂ ಒಂದೇ: ಬದಲಿಸಿ, ಆದರೆ ಈಗ ಬೇಡ. ದೊಡ್ಡ ಚಟ್ಟಿಯಂತೂ ಬೇಡವೇ ಬೇಡ.

ಇದಕ್ಕೆ ಕಾರಣ ನಮ್ಮ ಮಳೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಣ ಊರಿನಲ್ಲಿ ಕುಳಿತು ಮಾಡಿದ ವಿಡಿಯೋಗಳಲ್ಲಿ "ತೇವ ಉಳಿಸಿ, ತೇವ ಉಳಿಸಿ" ಎನ್ನುತ್ತಾರೆ. ನಮ್ಮಲ್ಲಿ ಆರ್ಕಿಡ್ ಒಣಗಿ ಸಾಯುವುದು ಅಪರೂಪ, ಕೊಳೆತೇ ಸಾಯುವುದು. ನಮ್ಮದೇ ಕಾಡಿನ ಸೀತಾಳೆ ದಂಡೆಯನ್ನು ನೋಡಿ. ಹಲಸಿನ ಮರದ ತೊಗಟೆಗೆ ಅಂಟಿಕೊಂಡು, ಚಟ್ಟಿಯೂ ಇಲ್ಲ ಗೊಬ್ಬರವೂ ಇಲ್ಲದೆ, ಮೇ-ಜೂನ್ ಹೊತ್ತಿಗೆ ನರಿಬಾಲದಂಥ ಗೊಂಚಲು ಬಿಡುತ್ತದೆ. ಎಷ್ಟೇ ಮಳೆ ಸುರಿದರೂ ಅದರ ಬೇರು ಕೊಳೆಯುವುದಿಲ್ಲ, ಯಾಕೆಂದರೆ ಮಳೆ ನಿಂತ ಕೂಡಲೇ ಗಾಳಿ ಅದನ್ನು ಒಣಗಿಸುತ್ತದೆ. ಚಟ್ಟಿ ಬೇಕಾಗಿರುವುದು ನಮಗೆ, ಗಿಡಕ್ಕಲ್ಲ. (ಹಾಗೆಂದು ಕಾಡಿನ ಸೀತಾಳೆಯನ್ನು ಕಿತ್ತು ತರಬೇಡಿ. ಅದು ಕಾನೂನಿಗೆ ವಿರುದ್ಧ, ತಂದರೂ ಹೆಚ್ಚಿನವು ಬದುಕುವುದಿಲ್ಲ.)

ನಿಜವಾಗಿ ಬದಲಿಸಬೇಕಾ?

ಬೇರು ಹೊರಗೆ ನೇತಾಡುವುದು ಕಾರಣವಲ್ಲ. ಅದು ಆರ್ಕಿಡ್‌ನ ಸ್ವಭಾವ. ಕೆಳಗಿನ ಯಾವುದಾದರೂ ಕಂಡರೆ ಮಾತ್ರ ಕೈ ಹಾಕಿ. ಚಟ್ಟಿಯೊಳಗಿನ ತೆಂಗಿನ ಸಿಪ್ಪೆ ಕೈಯಲ್ಲಿ ಒತ್ತಿದರೆ ಸಗಣಿಯಂತೆ ಮೆತ್ತಗಾಗಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ. ಹೊಸ ಚಿಗುರು ಚಟ್ಟಿಯ ಅಂಚು ದಾಟಿ ಆಚೆಗೆ ಹೋಗಿ, ಅದರ ಬೇರಿಗೆ ಹಿಡಿಯಲು ಏನೂ ಇಲ್ಲದಿದ್ದರೆ. ಗಿಡ ಮೇಲ್ಭಾರವಾಗಿ ಗಾಳಿಗೆ ಚಟ್ಟಿ ಸಮೇತ ಮಗುಚುತ್ತಿದ್ದರೆ. ದಿನಾ ನೀರು ಹಾಕಿದರೂ ಕೋಲುಗಳು ಸುಕ್ಕಾಗುತ್ತಿದ್ದರೆ. ಈ ಕೊನೆಯದನ್ನು ನೋಡಿ ಹಲವರು ಇನ್ನಷ್ಟು ನೀರು ಸುರಿಯುತ್ತಾರೆ. ಒಳಗೆ ಬೇರು ಕೊಳೆತು, ನೀರು ಕುಡಿಯುವ ಬಾಯಿಯೇ ಇಲ್ಲದಿರುವುದು ಅದಕ್ಕೆ ಕಾರಣ.

ಕೋಲು ಎಂದೆ. ಡೆಂಡ್ರೋಬಿಯಂನ ಕಬ್ಬಿನಂಥ ಕಾಂಡವನ್ನು ಆರ್ಕಿಡ್ ಬೆಳೆಸುವವರು ಸ್ಯೂಡೋಬಲ್ಬ್, ಅಂದರೆ ಹುಸಿಗೆಡ್ಡೆ ಎನ್ನುತ್ತಾರೆ. ಗಿಡದ ನೀರು, ಆಹಾರದ ಉಗ್ರಾಣ ಅದು. ಕ್ಯಾಟ್ಲಿಯಾ, ಆನ್ಸಿಡಿಯಂಗಳಲ್ಲಿ ಅದು ದಪ್ಪಗೆ, ಗಿಡ್ಡವಾಗಿರುತ್ತದೆ. ಇವೆಲ್ಲ ಅಡ್ಡಕ್ಕೆ ಹಬ್ಬುವ ಜಾತಿ, ಬುಡದಲ್ಲಿ ಶುಂಠಿಯಂತೆ ತೆವಳುವ ಬೇರುಕಾಂಡ ಇರುತ್ತದೆ. ವಾಂಡಾ, ಫೆಲನಾಪ್ಸಿಸ್ ಹಾಗಲ್ಲ. ಒಂದೇ ಕಾಂಡ, ಮೇಲಕ್ಕೆ ಮಾತ್ರ ಏರುತ್ತದೆ, ಉಗ್ರಾಣ ಇಲ್ಲ. ಎರಡಕ್ಕೂ ಕ್ರಮ ಬೇರೆ ಬೇರೆ.

ಯಾವಾಗ?

ಗಿಡದ ಬುಡ ನೋಡಿ. ಹೊಸ ಚಿಗುರಿನ ತಳದಲ್ಲಿ ಹಸಿರು ತುದಿಯ ಬೇರು ಅರ್ಧ ಇಂಚು ಇಣುಕುತ್ತಿದ್ದರೆ ಅದೇ ಒಳ್ಳೆಯ ಗಳಿಗೆ. ಹೂ ಇರುವಾಗ, ಮೊಗ್ಗು ಕಟ್ಟಿರುವಾಗ ಬೇಡ.

ನಮ್ಮ ಊರಿನ ಲೆಕ್ಕದಲ್ಲಿ ಇದಕ್ಕೆ ಎರಡು ಕಾಲ. ಮೊದಲನೆಯದು ಮಾರ್ಚ್ ಮಧ್ಯದಿಂದ ಬಿಸುವಿನವರೆಗೆ, ಅಂದರೆ ತುಳು ಹೊಸವರ್ಷ, ಏಪ್ರಿಲ್ 14ರ ಆಸುಪಾಸು. ಅಲ್ಲಿಂದ ಪತ್ತನಾಜೆಗೆ ಸುಮಾರು 40 ದಿನ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತು. ಅಷ್ಟರೊಳಗೆ ನಿಮ್ಮ ಗಿಡದ ಹೊಸ ಬೇರು ಚಟ್ಟಿಯ ಗೋಡೆ ಹಿಡಿದಿರಬೇಕು. ಬೇರು ಹಿಡಿದ ಗಿಡ ಮಳೆಯನ್ನು ಕುಡಿದು ಕೊಬ್ಬುತ್ತದೆ. ಹಿಡಿಯದ ಗಿಡಕ್ಕೆ ಅದೇ ಮಳೆ ಕೊಳೆ ತರುತ್ತದೆ. ಎರಡನೆಯ ಕಾಲ ನವರಾತ್ರಿಯ ನಂತರ. ಮಾಡಿನ (ಸೂರಿನ) ಕೆಳಗೆ ಜಾಗ ಇದ್ದವರು ಆಗಲೇ ಮಾಡಬಹುದು, ತೆರೆದ ತಾರಸಿಯವರು ದೀಪಾವಳಿ ಕಳೆಯಲಿ, ಸಂಜೆಯ ಗುಡುಗು ಮಳೆ ಕಡಿಮೆಯಾಗಲಿ.

ಜೂನ್, ಜುಲೈ, ಆಗಸ್ಟ್? ಚಟ್ಟಿ ಒಡೆದು ಬಿದ್ದರೆ ಮಾತ್ರ. ಅದೂ ಗಿಡವನ್ನು ಒಳಗೆ ತಂದು.

ಏನೆಲ್ಲ ಬೇಕು?

ಮಾಧ್ಯಮ, ಅಂದರೆ ಮಣ್ಣಿನ ಬದಲು ಚಟ್ಟಿಗೆ ತುಂಬುವ ಸಾಮಾನು, ನಮ್ಮಲ್ಲಿ ದುಡ್ಡು ಕೊಟ್ಟು ತರಬೇಕಾಗಿಲ್ಲ. ಹಂಚಿನ ಚೂರು, ಮಸಿ, ತೆಂಗಿನ ಸಿಪ್ಪೆ ಇದ್ದರೆ ಸಾಕು.

ಹಂಚು ಎಂದರೆ ಹಳೆಯ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಕಾಲದಿಂದ ನಮ್ಮ ಮಾಡುಗಳ ಮೇಲೆ ಕೂತದ್ದು ಇದೇ. ಈಗ ಮನೆ ಮನೆಯಲ್ಲಿ ಇಳಿಸಿ ಹಿತ್ತಿಲಲ್ಲಿ ರಾಶಿ ಹಾಕಿರುತ್ತಾರೆ. ಸುಟ್ಟ ಜೇಡಿಮಣ್ಣು ಸ್ವಲ್ಪ ನೀರು ಹೀರುತ್ತದೆ, ಕೊಳೆಯುವುದಿಲ್ಲ, ಭಾರವಿರುವುದರಿಂದ ಚಟ್ಟಿ ಮಗುಚುವುದೂ ಇಲ್ಲ. ಹೆಬ್ಬೆರಳಿನ ಗಾತ್ರಕ್ಕೆ ಒಡೆದು, ಪಾಚಿ ತಿಕ್ಕಿ, ಕುದಿಯುವ ನೀರು ಸುರಿದು, ಎರಡು ದಿನ ಬಿಸಿಲಿಗೆ ಹಾಕಿ. ಪೇಂಟ್ ಬಳಿದದ್ದು, ಸಿಮೆಂಟ್ ಅಂಟಿದ್ದು ಬೇಡ.

ಮಸಿ ಎಂದರೆ ಮರದ ಇದ್ದಿಲು. ಬಾರ್ಬೆಕ್ಯೂಗೆಂದು ಮಾರುವ ಅಚ್ಚಿನ ಉಂಡೆಗಳಲ್ಲ. ಅದೂ ಅದೇ ಗಾತ್ರ, ಪುಡಿ ಜರಡಿ ಹಿಡಿದು ತೆಗೆದುಬಿಡಿ.

ಜನ ಎಡವುವುದು ಸಿಪ್ಪೆಯಲ್ಲಿ. ಸಿಪ್ಪೆಯಲ್ಲಿ ಒಗರೂ ಉಂಟು, ಉಪ್ಪೂ ಉಂಟು. ಹಿನ್ನೀರಿನ ಬದಿಯ ತೋಟದ್ದಾದರೆ, ಉಪ್ಪುನೀರಿನಲ್ಲಿ ನೆನೆಹಾಕಿದ್ದಾದರೆ ಇನ್ನೂ ಹೆಚ್ಚು. ಒಂದೂವರೆ ಇಂಚಿನ ತುಂಡು ಮಾಡಿ ಬಾವಿನೀರಿನಲ್ಲಿ ಒಂದು ವಾರ ನೆನೆಸಿ, ದಿನಾ ನೀರು ಬದಲಿಸಿ. ನೀರು ಚಹಾದ ಬಣ್ಣ ಬಿಡುವುದು ನಿಂತ ಮೇಲೆ ಒಣಗಿಸಿ. ಕೋಕೋಪೀಟ್ ಎಂಬ ಸಿಪ್ಪೆಪುಡಿಯನ್ನು ಆರ್ಕಿಡ್ ಚಟ್ಟಿಯ ಹತ್ತಿರವೂ ತರಬೇಡಿ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಅದು ಒದ್ದೆ ಕಂಬಳಿ.

ಎಷ್ಟೆಷ್ಟು? ಮಳೆ ನೇರ ಬೀಳುವ ಜಾಗವಾದರೆ ಎರಡು ಪಾಲು ಹಂಚು, ಎರಡು ಪಾಲು ಮಸಿ, ಸಿಪ್ಪೆ ಒಂದು ಮುಷ್ಟಿ, ಇಲ್ಲದಿದ್ದರೂ ನಡೆಯುತ್ತದೆ. ಮಾಡಿನ ಕೆಳಗಾದರೆ ಮೂರನ್ನೂ ಸಮಪಾಲು ಹಾಕಬಹುದು, ಏಪ್ರಿಲ್ ಸೆಕೆಯಲ್ಲಿ ನೀರು ಹಾಕುವ ಕೆಲಸ ಕಡಿಮೆಯಾಗುತ್ತದೆ. ಸಿಪ್ಪೆ ಎರಡು ವರ್ಷಕ್ಕೆ ಕರಗುತ್ತದೆ. ಹಂಚು, ಮಸಿಯ ಚಟ್ಟಿಯನ್ನು ನಾಲ್ಕು ವರ್ಷ ಮುಟ್ಟದೆ ಬಿಡಬಹುದು.

ಉಳಿದದ್ದು: ಬದಿಗೂ ತೂತಿರುವ ಮಣ್ಣಿನ ಚಟ್ಟಿ, ಹರಿತವಾದ ಕತ್ತರಿ, ಕ್ಯಾಂಡಲ್ ಅಥವಾ ಗ್ಯಾಸ್ ಲೈಟರ್, ದಾಲ್ಚಿನ್ನಿ ಪುಡಿ, ಬಿದಿರಿನ ಕಡ್ಡಿ, ಹಳೆ ಕಾಟನ್ ಬಟ್ಟೆಯ ಪಟ್ಟಿ, ಸಣ್ಣ ಸುತ್ತಿಗೆ.

ಹಂತ ಹಂತವಾಗಿ

1. ಹಿಂದಿನ ಸಂಜೆ ಗಿಡಕ್ಕೆ ಚೆನ್ನಾಗಿ ನೀರು ಹಾಕಿ. ಒಣ ಬೇರು ಹಪ್ಪಳದಂತೆ ಮುರಿಯುತ್ತದೆ, ನೆನೆದ ಬೇರು ಬಾಗುತ್ತದೆ. ಚಟ್ಟಿಯಲ್ಲಿ ಇರುವೆ ಗೂಡು ಮಾಡಿದ್ದರೆ ಇಡೀ ಚಟ್ಟಿಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಎತ್ತುವ ಮೊದಲು ಚಟ್ಟಿಯ ಅಡಿಯನ್ನು ಉದ್ದ ಕಡ್ಡಿಯಿಂದ ತಟ್ಟಿ ನೋಡಿ. ಚೇಳು, ಜರಿ ಕೂತಿರುವುದು ಅಲ್ಲೇ.

2. ಗಿಡವನ್ನು ಹೊರತೆಗೆಯಿರಿ, ಎಳೆಯಬೇಡಿ. ಪ್ಲಾಸ್ಟಿಕ್ ಚಟ್ಟಿಯಾದರೆ ಸುತ್ತಲೂ ಹಿಂಡಿ ಸಡಿಲ ಮಾಡಿ, ಬೇಕಿದ್ದರೆ ಕತ್ತರಿಸಿ. ಮಣ್ಣಿನ ಚಟ್ಟಿಯ ಗೋಡೆಗೆ ಬೇರು ಅಂಟಿದ್ದರೆ ಚಪ್ಪಟೆ ಚಾಕುವನ್ನು ಗೋಡೆಗುಂಟ ಆಡಿಸಿ. ಬಿಡದಿದ್ದರೆ ಜಗಳ ಬೇಡ. ಸುತ್ತಿಗೆಯಿಂದ ಚಟ್ಟಿಗೆ ಮೆಲ್ಲ ಒಂದು ಪೆಟ್ಟು ಕೊಟ್ಟು ಒಡೆಯಿರಿ. ಬೇರು ಅಂಟಿದ ಚಟ್ಟಿಚೂರನ್ನು ಹಾಗೆಯೇ ಬೇರಿನೊಂದಿಗೆ ಹೊಸ ಚಟ್ಟಿಗೆ ಇಡಿ. 50 ರೂಪಾಯಿಯ ಚಟ್ಟಿ ಉಳಿಸಲು ಹೋಗಿ ಐದು ವರ್ಷದ ಬೇರು ಹರಿಯುವುದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

3. ಹಳೆಯ ಮಾಧ್ಯಮ ಉದುರಿಸಿ, ಬೇರು ವಿಂಗಡಿಸಿ. ನಲ್ಲಿಯ ಸಣ್ಣ ಧಾರೆಯ ಕೆಳಗೆ ಬೆರಳಾಡಿಸಿದರೆ ಬಹುಪಾಲು ಉದುರುತ್ತದೆ. ಆಮೇಲೆ ಒಂದೊಂದು ಬೇರನ್ನೂ ಒತ್ತಿ ನೋಡಿ. ಗಟ್ಟಿ ಇದ್ದರೆ, ಬಣ್ಣ ಕಂದಾಗಿದ್ದರೂ ಅದು ಬದುಕಿದೆ. ಒತ್ತಿದಾಗ ಟೊಳ್ಳಾಗಿ ಬೇರಿನ ಹೊರಪದರ ಜಾರಿ ಒಳಗೆ ದಾರ ಮಾತ್ರ ಸಿಕ್ಕಿದರೆ ಸತ್ತಿದೆ, ಕತ್ತರಿಸಿ. ಬೇರಿನ ಬಿಳಿ ಹೊದಿಕೆ ಬೂಷ್ಟು ಅಲ್ಲ. ಅದು ವೆಲಾಮೆನ್, ಸ್ಪಂಜಿನಂತೆ ನೀರು ಹೀರುವ ಪದರ. ಬೂಷ್ಟೆಂದು ಬ್ರಷ್ ಹಾಕಿ ತಿಕ್ಕಿದವರಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. ಪ್ರತಿ ಗಿಡ ಮುಟ್ಟುವ ಮೊದಲು ಕತ್ತರಿಯ ಅಲಗನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ. ಆರ್ಕಿಡ್‌ಗಳಿಗೆ ವೈರಸ್ ಹರಡುವ ಮುಖ್ಯ ದಾರಿ ಕತ್ತರಿಯ ಮೇಲಿನ ಗಿಡದ ರಸ, ವೈರಸ್ ಬಂದ ಗಿಡಕ್ಕೆ ಮದ್ದಿಲ್ಲ. ಅದಕ್ಕೇ ಹತ್ತು ಗಿಡ ಒಂದೇ ದಿನ ಬದಲಿಸುವ ಉತ್ಸಾಹ ನನಗೆ ಹಿಡಿಸುವುದಿಲ್ಲ. ಐದನೆಯ ಗಿಡದ ಹೊತ್ತಿಗೆ ಬೆಂಕಿ ಮರೆತುಹೋಗುತ್ತದೆ.

4. ಭಾಗ ಮಾಡಬೇಕಾದರೆ ಮಾಡಿ, ಆಸೆ ಮಾಡಬೇಡಿ. ಒಂದೊಂದು ತುಂಡಿನಲ್ಲೂ ಕನಿಷ್ಠ ಮೂರು-ನಾಲ್ಕು ಕೋಲು, ಒಂದು ಹೊಸ ಚಿಗುರು, ಸ್ವಂತ ಬೇರು ಇರಬೇಕು. ನೆರೆಮನೆ, ತವರುಮನೆ ಎಂದು ಎರಡೆರಡು ಕೋಲು ಹಂಚಿದರೆ ಯಾರ ಮನೆಯಲ್ಲೂ ಎರಡು ವರ್ಷ ಹೂ ಕಾಣದು. ಎಲೆ ಉದುರಿದ ಹಳೆ ಕೋಲು ಹಸಿರಾಗಿ, ಗಟ್ಟಿಯಾಗಿದ್ದರೆ ಕತ್ತರಿಸಬೇಡಿ, ಉಗ್ರಾಣ ಇನ್ನೂ ಖಾಲಿಯಾಗಿಲ್ಲ. ಒಣಗಿ ಹುಲ್ಲಿನ ಬಣ್ಣ ಬಂದದ್ದು ಹೋಗಲಿ. ಕೋಲಿನ ಗಿಣ್ಣಿನಲ್ಲಿ ಹುಟ್ಟಿದ ಮರಿಗೆ ಕೈಕಿ ಎನ್ನುತ್ತಾರೆ, ಹವಾಯಿ ಭಾಷೆಯಲ್ಲಿ ಮಗು ಎಂದರ್ಥ. ಅದರ ಬೇರು ಎರಡು ಇಂಚಾದ ಮೇಲೆ ಬೇರ್ಪಡಿಸಿ ಪುಟ್ಟ ಚಟ್ಟಿಗೆ ಹಾಕಬಹುದು.

ತೀರಾ ದೊಡ್ಡ ಕ್ಯಾಟ್ಲಿಯಾ ಪೊದೆಗೆ ಬೇರೆ ಉಪಾಯ ಉಂಟು. ಬದಲಿಸುವ ಎರಡು ತಿಂಗಳ ಮೊದಲೇ, ಗಿಡ ಹಳೆಯ ಚಟ್ಟಿಯಲ್ಲಿರುವಾಗಲೇ, ಬೇರುಕಾಂಡವನ್ನು ಒಂದು ಕಡೆ ಕತ್ತರಿಸಿ ಹಾಗೇ ಬಿಡಿ. ಹಿಂದಿನ ತುಂಡು ತಾನೇ ಚಿಗುರು ಬಿಡಲು ಶುರು ಮಾಡುತ್ತದೆ. ಆಮೇಲೆ ಹೊರತೆಗೆದಾಗ ಎರಡೂ ಸಿದ್ಧ ಗಿಡ.

5. ಗಾಯ ಒಣಗಿಸಿ. ಕತ್ತರಿಸಿದ ಬಾಯಿಗೆ ಮಾತ್ರ ದಾಲ್ಚಿನ್ನಿ ಪುಡಿ ಒತ್ತಿ. ಬೇರಿನ ಮೇಲೆಲ್ಲ ಉದುರಿಸಿದರೆ ಅದು ಬೇರನ್ನೂ ಒಣಗಿಸುತ್ತದೆ. ಕೊಳೆ ಹೆಚ್ಚಿದ್ದರೆ ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಸೇರಿದ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಕಲಸಿ ಹತ್ತು ನಿಮಿಷ ಅದ್ದಿ, ಕೈಗೆ ಗ್ಲೌಸ್ ಇರಲಿ. ಆಮೇಲೆ ಗಿಡವನ್ನು ನೆರಳಿನಲ್ಲಿ ತಲೆಕೆಳಗಾಗಿ ಕೆಲವು ಗಂಟೆ ನೇತುಹಾಕಿ. ಬೆಳಿಗ್ಗೆ ಬಿಡಿಸಿ ಸಂಜೆ ನೆಡುವುದು ನನ್ನ ಕ್ರಮ.

ಅಡಕೆ ತೋಟದ ಮನೆಯವರು ಇದನ್ನು ಎರಡು ಸಲ ಓದಿ: ಬೋರ್ಡೋ ದ್ರಾವಣ ಬೇಡ. ಕೊಳೆರೋಗಕ್ಕೆಂದು ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಮೈಲುತುತ್ತಿನಿಂದ ಮಾಡುವ ಈ ದ್ರಾವಣದ ತಾಮ್ರ ಡೆಂಡ್ರೋಬಿಯಂಗೆ ವಿಷ, ಚಿಗುರು ಕರಕಲಾಗುತ್ತದೆ. ಅಡಕೆ ಮರಕ್ಕೆ ಆರ್ಕಿಡ್ ಕಟ್ಟಿದ್ದರೆ ಮದ್ದು ಬಿಡುವ ದಿನ ಅದಕ್ಕೆ ಪ್ಲಾಸ್ಟಿಕ್ ಹೊದೆಸಿ.

6. ಚಟ್ಟಿಯ ಅಳತೆಯನ್ನು ಬೇರಿಗೆ ತೆಗೆಯಿರಿ, ಎಲೆಗಲ್ಲ. ಸತ್ತ ಬೇರು ತೆಗೆದ ಮೇಲೆ ಉಳಿದ ಬೇರಿನ ಮುದ್ದೆ ಕೂರುವಷ್ಟು, ಅದರ ಮೇಲೆ ಎರಡು ಹೊಸ ಕೋಲಿಗೆ ಜಾಗ. ಅಷ್ಟೇ. ಎಷ್ಟೋ ಸಲ ಹೊಸ ಚಟ್ಟಿ ಹಳೆಯದಕ್ಕಿಂತ ಚಿಕ್ಕದಾಗುತ್ತದೆ, ಅನುಮಾನ ಬೇಡ. ದೊಡ್ಡ ಚಟ್ಟಿಯ ನಡುವೆ ಬೇರು ತಲುಪದ ಜಾಗ ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದ. 8 ಇಂಚಿನಲ್ಲಿ ಸುಖವಾಗಿದ್ದ ಗಿಡವನ್ನು ಪ್ರೀತಿ ಹೆಚ್ಚಾಗಿ 14 ಇಂಚಿಗೆ ಹಾಕಿ, ಅದೇ ಆಟಿಯಲ್ಲಿ ನಾನೂ ಕಳೆದುಕೊಂಡಿದ್ದೇನೆ. ಭಾರಕ್ಕೆ ಮಗುಚುವ ಭಯವಿದ್ದರೆ ಚಿಕ್ಕ ಚಟ್ಟಿಯನ್ನೇ ಒಂದು ದೊಡ್ಡ ಖಾಲಿ ಚಟ್ಟಿಯೊಳಗೆ ಇಟ್ಟು ಸುತ್ತ ಕಲ್ಲು ತುಂಬಿ.

7. ಕೂರಿಸಿ, ಕಟ್ಟಿ. ತಳದಲ್ಲಿ ದೊಡ್ಡ ಹಂಚಿನ ಚೂರು. ಹಳೆಯ ಕೋಲುಗಳ ಬೆನ್ನು ಚಟ್ಟಿಯ ಅಂಚಿಗೆ, ಹೊಸ ಚಿಗುರಿನ ಮುಖ ಚಟ್ಟಿಯ ನಡುವಿಗೆ. ಗಿಡ ನಡೆಯುವ ದಿಕ್ಕಿನಲ್ಲಿ ಜಾಗ ಬಿಡಬೇಕು. ಬೇರುಕಾಂಡ ಮಾಧ್ಯಮದ ಮೇಲೆ ಕೂತಿರಲಿ, ಹೂಳಬೇಡಿ. ಮಲ್ಲಿಗೆ ನೆಟ್ಟ ಕೈಗೆ ಇದು ಕಷ್ಟ, ಬುಡಕ್ಕೆ ಏರಿಸುವ ಅಭ್ಯಾಸ. ಸುತ್ತ ಚೂರು ತುಂಬುತ್ತಾ ಚಟ್ಟಿಯನ್ನು ಬದಿಯಿಂದ ತಟ್ಟಿ. ಗಾಳಿಯಲ್ಲೇ ಬೆಳೆದ ಬೇರನ್ನು ಒಳಗೆ ತುರುಕಬೇಡಿ, ಅದು ಗಾಳಿಗೆ ಒಗ್ಗಿದ ಬೇರು, ಒಳಗೆ ಕೊಳೆಯುತ್ತದೆ.

ಕೊನೆಗೆ ಬಿದಿರಿನ ಕಡ್ಡಿಗೆ ಕಟ್ಟಿ, ಗಿಡವನ್ನು ಹಿಡಿದು ಎತ್ತಿದರೆ ಚಟ್ಟಿಯೂ ಜೊತೆಗೆ ಬರಬೇಕು. ಅಷ್ಟು ಗಟ್ಟಿ. ಅಲುಗಾಡುವ ಗಿಡದ ಹೊಸ ಬೇರಿನ ತುದಿ ಪ್ರತಿ ಗಾಳಿಗೂ ಉಜ್ಜಿ ಸಾಯುತ್ತದೆ. ಈ ಒಂದು ಕೆಲಸ ಬಿಟ್ಟದ್ದಕ್ಕೇ ಹೋದ ಗಿಡಗಳು ಬಹಳ.

8. ನೀರಿಗೆ ಅವಸರ ಬೇಡ. ನಾಲ್ಕು ದಿನ ಚಟ್ಟಿಗೆ ನೀರಿಲ್ಲ, ಸೆಕೆ ಹೆಚ್ಚಿದ್ದರೆ ಬೆಳಿಗ್ಗೆ ಎಲೆಗೆ ಸಣ್ಣಗೆ ಸಿಂಪಡಿಸಿ. ಹದಿನೈದು ದಿನ ಗಾಳಿಯಾಡುವ ನೆರಳು, ಆಮೇಲೆ ಮೊದಲಿನ ಜಾಗ, ಅಥವಾ 50 ಶೇಕಡಾ ನೆರಳುಪರದೆಯ ಕೆಳಗೆ. ಕೋಲು ಸ್ವಲ್ಪ ಸುಕ್ಕಾಗುತ್ತದೆ, ಆಗಲಿ. ಹಸಿರು ತುದಿಯ ಹೊಸ ಬೇರು ಕಂಡ ಮೇಲೆಯೇ ಗೊಬ್ಬರ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ ಸಾಕು. ಹಟ್ಟಿಗೊಬ್ಬರ, ಹಿಂಡಿ ಇದಕ್ಕಲ್ಲ.

ವಾಂಡಾ, ಫೆಲನಾಪ್ಸಿಸ್ ಇದ್ದವರಿಗೆ

ಎತ್ತರ ಹೋಗಿ ಬುಡದಲ್ಲಿ ಎಲೆ ಉದುರಿದ ವಾಂಡಾವನ್ನು ಬುಡದಿಂದ ಕೀಳಬೇಡಿ. ಮೇಲ್ಭಾಗದಲ್ಲಿ ಮೂರಾದರೂ ಒಳ್ಳೆಯ ಬೇರು ಇರುವ ಕಡೆ, ಆ ಬೇರಿನ ಕೆಳಗೆ ಕತ್ತರಿಸಿ. ಮೇಲಿನದು ಹೊಸ ಗಿಡ. ಕೆಳಗಿನ ಮೋಟನ್ನು ಎಸೆಯಬೇಡಿ, ಅದರಲ್ಲಿ ಬೇರಿದ್ದರೆ ಮರಿ ಬರುವ ಸಾಧ್ಯತೆ ಉಂಟು. ಮೇಲಿನ ಹೊಸ ಗಿಡವನ್ನು ಅರ್ಧ ಗಂಟೆ ನೀರಿನಲ್ಲಿಟ್ಟರೆ ಬೇರು ಬಾಗುತ್ತದೆ, ಆಗ ಮರದ ಬುಟ್ಟಿಯೊಳಗೆ ಸುತ್ತಿ ಕೂರಿಸಿ. ಬುಟ್ಟಿಗೆ ಏನೂ ತುಂಬಬೇಕಿಲ್ಲ, ನಮ್ಮ ಗಾಳಿಯ ತೇವವೇ ಹೆಚ್ಚಿನ ತಿಂಗಳು ಸಾಕು. ಬುಟ್ಟಿಗೆ ಬೇರು ಹೆಣೆದುಕೊಂಡಿದ್ದರೆ ಬಿಡಿಸುವ ಗೋಜೇ ಬೇಡ, ಬುಟ್ಟಿ ಸಮೇತ ದೊಡ್ಡ ಬುಟ್ಟಿಯೊಳಗೆ ಇಡಿ.

ಉಡುಗೊರೆಯಾಗಿ ಬರುವ ಫೆಲನಾಪ್ಸಿಸ್‌ನ ಬುಡದಲ್ಲಿ ಬಿಗಿಯಾಗಿ ತುಂಬಿದ ಸ್ಫ್ಯಾಗ್ನಂ ಪಾಚಿ ಇರುತ್ತದೆ. ಹೂ ಮುಗಿದ ಕೂಡಲೇ ಅದನ್ನು ಬಿಡಿಸಿ ಮಸಿ-ಹಂಚಿಗೆ ಹಾಕಿ. ಇದರ ಎಲೆಗಳ ನಡುವಿನ ಬಟ್ಟಲಿನಲ್ಲಿ ನೀರು ನಿಂತರೆ ಎರಡೇ ದಿನದಲ್ಲಿ ಸುಳಿ ಕೊಳೆಯುತ್ತದೆ. ಆದ್ದರಿಂದ ಗಿಡವನ್ನು ಓರೆಯಾಗಿ ಕೂರಿಸಿ, ಮಳೆಗಾಲವಿಡೀ ಮಾಡಿನ ಕೆಳಗೆ.

ಉಳಿದ ಚಟ್ಟಿ ಗಿಡಗಳು

ಆಂಥೂರಿಯಂ ಬುಡ ಬರಿದಾಗಿ ಮೇಲೇರಿದ್ದರೆ ವಾಂಡಾದ ಕ್ರಮವೇ: ಬೇರಿರುವ ತಲೆಭಾಗ ಕತ್ತರಿಸಿ ನೆಡಿ. ಇದಕ್ಕೆ ಆರ್ಕಿಡ್‌ಗಿಂತ ಸಿಪ್ಪೆ ಹೆಚ್ಚಿರಲಿ, ಸ್ವಲ್ಪ ತರಗೆಲೆ ಗೊಬ್ಬರವೂ ಆಗಬಹುದು. ಅಡೇನಿಯಂನ ಬೇರು ಕತ್ತರಿಸಿದರೆ ಗಾಯ ಒಂದು ವಾರ ನೆರಳಿನಲ್ಲಿ ಒಣಗಿದ ಮೇಲೆಯೇ ಮಣ್ಣಿಗೆ. ಬೋಗನ್‌ವಿಲ್ಲಾದ ಬೇರು ನಾಜೂಕು, ಮಣ್ಣಿನ ಹೆಂಟೆ ಒಡೆಯದೆ ಇಡಿಯಾಗಿ ಎತ್ತಿಡಿ.

ಚಟ್ಟಿ ತುಂಬಿದ ಮಲ್ಲಿಗೆ, ಕ್ರೋಟನ್, ದಾಸವಾಳಗಳಿಗೆ ಬೇರಿನ ಮುದ್ದೆಯ ಹೊರಸುತ್ತು ಮತ್ತು ತಳದಿಂದ ಕಾಲು ಭಾಗ ಕತ್ತಿಯಿಂದ ಸವರಿ ಅದೇ ಚಟ್ಟಿಗೆ ಹೊಸ ಮಣ್ಣು ಹಾಕಿ ನೆಟ್ಟರಾಯಿತು. ಬೇರು ಸವರಿದಷ್ಟೇ ಮೇಲೂ ಸವರಿ. ಮಣ್ಣಿಗೆ ನಮ್ಮ ಕೆಂಪುಮಣ್ಣನ್ನೇ ಬರಿದೆ ಹಾಕಿದರೆ ಒಂದು ಮಳೆಗೆ ಇಟ್ಟಿಗೆಯಾಗುತ್ತದೆ. ಸುಡುಮಣ್ಣು, ಹೊಯ್ಗೆ (ಮರಳು), ಹಳೆಯ ಹಟ್ಟಿಗೊಬ್ಬರ ಸಮಪಾಲು ಮಾಡಿ. ಹೊಯ್ಗೆ ಹೊಳೆಯದ್ದಾಗಿರಲಿ, ಕಡಲ ಬದಿಯದು ಉಪ್ಪು.

ಇಬ್ಬರಿಂದಲೂ ಎತ್ತಲಾಗದ ಪಾಮ್ ಚಟ್ಟಿಯನ್ನು ಯಾಕೆ ಎತ್ತುತ್ತೀರಿ? ಮೇಲಿನ ಮೂರು ಇಂಚು ಮಣ್ಣು ಕೆರೆದು ತೆಗೆದು ಹೊಸದು ಹಾಕಿ, ವರ್ಷಕ್ಕೊಮ್ಮೆ. ಎತ್ತಲೇಬೇಕಾದರೆ ಚಟ್ಟಿಯನ್ನು ಗೋಣಿಯ ಮೇಲೆ ಮಲಗಿಸಿ, ಗೋಣಿಯ ನಾಲ್ಕು ಮೂಲೆ ಇಬ್ಬರು ಹಿಡಿದು ಸಾಗಿಸಿ. ತಾರಸಿಯಲ್ಲಿ ಭಾರದ ಚಟ್ಟಿಗಳು ನಡುವೆ ಬೇಡ, ಬೀಮ್ ಇರುವ ಅಂಚಿನ ಕಡೆಗೆ ಇರಲಿ.

ಪತ್ತನಾಜೆಯ ದಿನ ಒಂದು ಪರೀಕ್ಷೆ ಮಾಡಿ. ಪ್ರತಿ ಆರ್ಕಿಡ್ ಅನ್ನೂ ಬುಡದ ಹತ್ತಿರ ಹಿಡಿದು ಮೆಲ್ಲ ಅಲುಗಿಸಿ. ಅಲುಗದಿದ್ದರೆ ಮಳೆಗೆ ಬಿಡಿ. ಇನ್ನೂ ಅಲುಗುವುದನ್ನು ಮಾಡಿನ ಕೆಳಗೆ ತಂದು ನೇತುಹಾಕಿ, ಸೋಣ ತಿಂಗಳು ಕಳೆಯುವವರೆಗೆ, ಅಂದರೆ ಸೆಪ್ಟೆಂಬರ್ ಮಧ್ಯದವರೆಗೆ, ಅದು ಅಲ್ಲೇ ಇರಲಿ.